ಗಾಜು ಕಾಯುವ ಸುಣ್ಣದಕ್ಕ

ಬೆಳಕು ಹರಿಯುವ ಮೊದಲೇ ಸುಣ್ಣದಕ್ಕ ಹಳೆಯ ಚರ್ಚಿನ ಗಂಟೆಗೋಪುರದ ಏಣಿ ಹತ್ತುತ್ತಾರೆ. ಮೇಲೆ, ಗೋಡೆಯ ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಕಚ್ಚಿಸಲಾಗಿದೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಸೀಳುತ್ತದೆ. ಅದು ಇಡಿಯಾಗಿದ್ದರೆ ಗೋಪುರಕ್ಕೆ ಇನ್ನೂ ಆಯುಷ್ಯವಿದೆ ಎಂದರ್ಥ. ಈ ಶನಿವಾರ ಅಕ್ಕ ಟಾರ್ಚ್ ಹಿಡಿದು ನೋಡುತ್ತಾರೆ. ಗಾಜು ನಡುವೆ ಎರಡಾಗಿದೆ.

"ಏಣಿ ಮೇಲೇ ಕೂತ್ಬಿಟ್ಟೆ," ಎನ್ನುತ್ತಾರೆ.

ಆ ಗಾಜನ್ನು ಅಂಟಿಸಿದ್ದು ಅಕ್ಕನ ಗಂಡ, ಇದೇ ಚರ್ಚಿನ ಮೇಸ್ತ್ರಿ. ಬಹಳ ಹಿಂದೆ ಯಾರೋ ಪುಣ್ಯಾತ್ಮರು ಗೋಪುರ ಗಟ್ಟಿಯಾಗಲಿ ಎಂದು ಸುಣ್ಣದ ಗಾರೆಯ ಮೇಲೆ ಸಿಮೆಂಟು ಮೆತ್ತಿಸಿದ್ದರು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಒಳಗೆ ಸೇರಿದ ನೀರು ಹೊರಬರಲು ದಾರಿಯಿಲ್ಲದೆ ಕಲ್ಲನ್ನೇ ತಿನ್ನತೊಡಗಿತು. ಗಂಡ ಹೆಂಡತಿ ಆ ಸಿಮೆಂಟನ್ನು ಉಳಿಯಿಂದ ಕಿತ್ತು, ಸಂದುಗಳಿಗೆ ಮತ್ತೆ ಸುಣ್ಣದ ಗಾರೆ ತುಂಬಲು ಹೊರಟರು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ದಿನವಿಡೀ ಬೆನ್ನು ಬಗ್ಗಿಸಿ ದುಡಿದರೆ ಮೊಳದಷ್ಟು ಗೋಡೆ.

"ಸಿಮೆಂಟ್ ಕೀಳೋವಾಗ ಕಲ್ಲಿನ ಚರ್ಮಾನೂ ಕಿತ್ಕೊಂಡು ಬರುತ್ತೆ. ಬಿಟ್ರೆ ಒಳಗೇ ಕೊಳೆಯುತ್ತೆ. ಏನ್ ಮಾಡೋದು ನೀವೇ ಹೇಳಿ?" ಎಂದು ಅಕ್ಕ ಕೇಳುತ್ತಾರೆ.

ಸುಟ್ಟ ಸುಣ್ಣಕ್ಕೆ ನೀರು ಹೊಯ್ದು ಅರಳಿಸುವಾಗ ಕುದಿಯುವ ಸುಣ್ಣ ಸಿಡಿದು ಮೇಸ್ತ್ರಿಯ ಎರಡೂ ಕಣ್ಣುಗಳು ಹೋದವು. "ಲೋಕ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಇಡುತ್ತಂತೆ. ನನ್ನ ವಿಷ್ಯದಲ್ಲಿ ಭೇದಭಾವ ಮಾಡ್ಲಿಲ್ಲ ನೋಡಿ," ಎಂದು ಅವರು ನಗುತ್ತಾರೆ. ಕಣ್ಣು ಹೋದಂದಿನಿಂದ ಗಾರೆ ಬಳಿಯುವ ಕರಣೆ ಅಕ್ಕನ ಕೈಯಲ್ಲಿದೆ. ಮೇಸ್ತ್ರಿಗೆ ಉಳಿದಿರುವುದು ಇಷ್ಟೇ: ಸಂಜೆಯಾದರೆ ಗಾಜು ಹೇಗಿದೆ ಎಂದು ಕೇಳುವುದು, ಭಾನುವಾರ ಬೆಳಿಗ್ಗೆ ತಾನು ಉಳಿಸಿದ ಗೋಪುರದ ಗಂಟೆಗೆ ಕಿವಿಗೊಡುವುದು.

ಹೊಸ ಗಾಜಿನ ಪಟ್ಟಿ ಅಕ್ಕನ ಚೀಲದಲ್ಲೇ ಇತ್ತು. ಅಂಟಿಸಿಬಿಟ್ಟಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಕ್ಕ ಕೆಳಗಿಳಿದು ಬಂದು ಒಡೆದ ಚೂರುಗಳನ್ನು ಪಾದ್ರಿಯ ಅಂಗೈಗೆ ಹಾಕುತ್ತಾರೆ. ಪಾದ್ರಿ ಚರ್ಚಿನ ಬಾಗಿಲಿಗೆ ಬೀಗ ಹಾಕಿಸಿ, ಗಂಟೆಯ ಹಗ್ಗವನ್ನು ಯಾರ ಕೈಗೂ ಎಟುಕದಂತೆ ಮೇಲಕ್ಕೆ ಕಟ್ಟಿಸುತ್ತಾರೆ. ಗೋಪುರವನ್ನು ಇನ್ನು ಕೆಡವುವುದೊಂದೇ ದಾರಿ ಎಂದು ಇಬ್ಬರಿಗೂ ಗೊತ್ತು.

"ಕೆಳಗೆ ಜನ ಕೂರ್ತಾರಲ್ವಾ? ಗೋಡೆ ಉಳಿಸೋಕೆ ನನ್ ಕೈಲಿ ಆಗ್ಲಿಲ್ಲ. ಸುಳ್ಳು ಗಾಜು ಮಾತ್ರ ಅಂಟಿಸ್ಲಿಲ್ಲ," ಎನ್ನುತ್ತಾರೆ ಅಕ್ಕ.

ಸಂಜೆ ಬಾಡಿಗೆ ಕೋಣೆಯಲ್ಲಿ ಮೇಸ್ತ್ರಿ ಎಂದಿನಂತೆ ಕೇಳುತ್ತಾರೆ. "ಗಾಜು?"

"ಇದೆ."

ಚರ್ಚಿನಲ್ಲಿ ಆಡದ ಸುಳ್ಳನ್ನು ಅಕ್ಕ ಮನೆಯಲ್ಲಿ ಆಡುತ್ತಾರೆ, ಅದೂ ಒಂದು ರಾತ್ರಿಯ ಮಟ್ಟಿಗೆ. ಮೇಸ್ತ್ರಿ ನೆಮ್ಮದಿಯಿಂದ ಹೊದಿಕೆ ಎಳೆದುಕೊಳ್ಳುತ್ತಾರೆ.

"ನಾಳೆ ಭಾನುವಾರ. ನೀನೇನೂ ಎಬ್ಬಿಸ್ಬೇಡ ಕಣೇ. ಗಂಟೆನೇ ಎಬ್ಬಿಸುತ್ತೆ."