ಮೈಕಿನ ಭಾವ ಸಾಕ್ಷಿ ಹೇಳಿದ್ದು

ನಮ್ಮ ಚರ್ಚಿನ ಸಭೆಯಲ್ಲಿ ಭಾನುವಾರ ಪಾಸ್ಟರ ಪ್ರಸಂಗ ಮುಗಿದ ಮೇಲೆ ಒಬ್ಬರು ಎದ್ದು ಸಾಕ್ಷಿ ಹೇಳಬೇಕು. ತಾನು ಮೊದಲು ಹೇಗಿದ್ದೆ, ದೇವರು ತನ್ನನ್ನು ಎಲ್ಲಿ ಹಿಡಿದ, ಈಗ ಹೇಗಿದ್ದೇನೆ ಎಂದು ಎಲ್ಲರ ಮುಂದೆ ಬಿಚ್ಚಿಡುವುದೇ ಸಾಕ್ಷಿ. ಮನೆಮನೆಗೂ ಸರದಿ ಬರುತ್ತದೆ. ಒಂದು ಸುತ್ತು ಮುಗಿದರೆ ಮತ್ತೆ ಮೊದಲಿಂದ. ಹೀಗಾಗಿ ಎಲ್ಲರ ಪಾಪಗಳೂ ಎಲ್ಲರಿಗೂ ಬಾಯಿಪಾಠ. ಅದೇ ಪಾಪವನ್ನು ಜನ ಎಷ್ಟು ಸಲ ಕೇಳಿಯಾರು ಎಂದು, ಸಾಕ್ಷಿ ಹೇಳುವವರು ಪ್ರತಿ ಸಲ ಒಂದಿಷ್ಟು ಉಪ್ಪುಖಾರ ಹಚ್ಚುತ್ತಾರೆ. ನಿವೃತ್ತ ಹವಾಲ್ದಾರರಿಗೆ ದೇವರು ಸಿಕ್ಕಿದ್ದು ಅವರು ಕುಡಿದು ಸೈಕಲ್ಲಿನಿಂದ ಚರಂಡಿಗೆ ಬಿದ್ದಾಗ. ಎರಡನೇ ಸುತ್ತಿನಲ್ಲಿ ಸೈಕಲ್ಲು ಸ್ಕೂಟರಾಗಿತ್ತು. ಹೋದ ಸಲ ಎದುರಿನಿಂದ ಒಂದು ಲಾರಿಯೂ ಬಂತು. ಮುಂದಿನ ಸರದಿಗೆ ರೈಲು ಬಂದೇ ಬರುತ್ತದೆಂದು ನಾನು ಕಾಯುತ್ತಿದ್ದೇನೆ.

ಈ ಎಲ್ಲ ಸಾಕ್ಷಿಗಳನ್ನೂ ಮೂಲೆಯಲ್ಲಿ ಕೂತು ಕೇಳಿಯೂ ತಮ್ಮದೊಂದನ್ನು ಹೇಳದೆ ಉಳಿದವರು ಒಬ್ಬರೇ, ನಮ್ಮ ಭಾವ. ನನ್ನ ಅಕ್ಕನ ಗಂಡ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿ ಅವರದು. ಭಾವ ಒಳಗೆ ನಿಂತರೆ ಗಿರಾಕಿ ಹೊರಗೇ ನಿಲ್ಲಬೇಕು, ಅಷ್ಟೇ ಜಾಗ. ಗೋಡೆಯ ತುಂಬ ರೆಕ್ಕೆ ಕಳಚಿದ ಫ್ಯಾನುಗಳು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಮಿಕ್ಸಿಗಳು. ಯಾವ ಸಾಮಾನು ಕೊಟ್ಟರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದಕ್ಕೇನೂ ಆಗಿಲ್ಲ" ಅನ್ನುತ್ತಾರೆ. ಆಮೇಲೆ ವಾರಗಟ್ಟಲೆ ಇಟ್ಟುಕೊಳ್ಳುತ್ತಾರೆ.

ಅಕ್ಕ ಚಿಕ್ಕಂದಿನಿಂದ ಸಭೆಯಲ್ಲೇ ಬೆಳೆದವಳು. ಮದುವೆಯಾದ ಹೊಸದರಲ್ಲಿ ಭಾವ ಅವಳನ್ನು ಗೇಟಿನ ತನಕ ಬಿಟ್ಟು, ಎದುರಿನ ಚಹಾದಂಗಡಿಯಲ್ಲಿ ಪೇಪರು ಹಿಡಿದು ಕೂರುತ್ತಿದ್ದರು. ದೇವರ ಮಾತೆತ್ತಿದರೆ, "ಅವರ ಪಾಡಿಗೆ ಅವರಿರಲಿ, ನನ್ನ ಪಾಡಿಗೆ ನಾನಿರ್ತೀನಿ" ಎಂದು ಪಕ್ಕದ ಮನೆಯವರ ವಿಷಯದಂತೆ ತೀರ್ಮಾನ ಹೇಳುತ್ತಿದ್ದರು. ಒಂದು ಭಾನುವಾರ ಪ್ರಸಂಗದ ನಡುವೆ ಮೈಕು ಕಿರುಚತೊಡಗಿತು. ನಿಲ್ಲಿಸಲು ಯಾರಿಗೂ ಗೊತ್ತಿಲ್ಲ. ಭಾವ ಸ್ವಲ್ಪ ಹೊತ್ತು ಹಲ್ಲು ಕಚ್ಚಿ ತಡೆದುಕೊಂಡರು. ಕೊನೆಗೆ ಗ್ಲಾಸನ್ನು ಕುಕ್ಕಿ, ರಸ್ತೆ ದಾಟಿ, ಒಳಗೆ ನುಗ್ಗಿ, ಪಾಸ್ಟರ ಕೈಯಿಂದಲೇ ಮೈಕು ಕಿತ್ತುಕೊಂಡರು. "ಸ್ಪೀಕರ್ ಮುಂದೆ ನಿಂತ್ಕೊಂಡ್ರೆ ಕಿರುಚದೆ ಇನ್ನೇನು ಹಾಡತ್ತಾ?" ಎಂದು ಅವರ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. ದೇವರ ಕರೆ ಕೇಳಿ ಬಂದವರುಂಟು. ನಮ್ಮ ಭಾವ ಮೈಕಿನ ಕಿರುಚಾಟ ಕೇಳಿ ಬಂದವರು. ಅಂದಿನಿಂದ ಆಂಪ್ಲಿಫಯರ್ ಪಕ್ಕದ ಸ್ಟೂಲು ಅವರದೇ ಆಯಿತು.

ಆ ಸ್ಟೂಲಿನ ಮೇಲಿಂದ ಅವರು ಸದ್ದಿಲ್ಲದೆ ಒಂದು ಸೇವೆ ಮಾಡುತ್ತ ಬಂದರು. ಯಾರದಾದರೂ ಸಾಕ್ಷಿ ಮುಗಿಯುವ ಲಕ್ಷಣ ಕಾಣದಿದ್ದರೆ ವಾಲ್ಯೂಮನ್ನು ಚೂರುಚೂರೇ ಇಳಿಸುವುದು. ಹೇಳುವವರು ತಮ್ಮ ಗಂಟಲೇ ಸೋತಿತೆಂದುಕೊಂಡು "ಆಮೆನ್" ಎಂದು ಕೂತುಬಿಡುತ್ತಿದ್ದರು. ಹವಾಲ್ದಾರರಂತೂ ಲಾರಿಯ ಹತ್ತಿರ ಬಂದಾಗ ದೇವರೇ ತನ್ನ ದನಿ ಕಟ್ಟಿಸಿದ ಎಂದು ಅದನ್ನೂ ತಮ್ಮ ಮುಂದಿನ ಸಾಕ್ಷಿಗೆ ಎತ್ತಿಟ್ಟುಕೊಂಡರು. ಈ ಸೇವೆ ನನ್ನೊಬ್ಬನಿಗೆ ಗೊತ್ತಿತ್ತು ಅಂದುಕೊಂಡಿದ್ದೆ. ಅಕ್ಕನಿಗೂ ಗೊತ್ತಿತ್ತು.

ಅವರ ಮನೆಯ ಸರದಿ ಬಂದಾಗಲೆಲ್ಲ ಅಕ್ಕನೇ ಎದ್ದು ಹೇಳುತ್ತಿದ್ದಳು. ಈ ಸಲ ಹೊಸದಾಗಿ ಬಂದ ಪಾಸ್ಟರು, ಹುಮ್ಮಸ್ಸಿನ ಹುಡುಗ, "ಮುಂದಿನ ಭಾನುವಾರ ನಮ್ಮ ಮೈಕ್ ಅಣ್ಣ ಸಾಕ್ಷಿ ಹೇಳ್ತಾರೆ" ಎಂದು ಘೋಷಿಸಿಯೇಬಿಟ್ಟರು. ಸಭೆಯೆಲ್ಲ ಚಪ್ಪಾಳೆ. ಅಕ್ಕನ ಮುಖ ಮಾತ್ರ ಬಿಳಿಚಿಕೊಂಡಿತು. ನೀವು ನಂಬುತ್ತೀರಾ, ಇಲ್ಲವಾ ಎಂದು ಅವಳು ಗಂಡನನ್ನು ಒಮ್ಮೆಯೂ ಕೇಳಿದವಳಲ್ಲ. ಇಲ್ಲ ಅಂದುಬಿಟ್ಟರೆ ಎಂಬ ಹೆದರಿಕೆ. ಈಗ ಆ ಉತ್ತರವನ್ನು ಊರವರ ನಡುವೆ ಕೂತು ಸ್ಪೀಕರಿನಲ್ಲಿ ಕೇಳಬೇಕಾಗಿ ಬಂದಿತ್ತು.

ಭಾವನನ್ನು ತಯಾರು ಮಾಡಲು ಹವಾಲ್ದಾರರು ತಾವಾಗಿ ಅಂಗಡಿಗೆ ಬಂದರು. ಆಗ ನಾನೂ ಅಲ್ಲೇ ಹೊರಗೆ ನಿಂತಿದ್ದೆ.

"ಏನಪ್ಪಾ, ಮೊದ್ಲು ಕುಡೀತಿದ್ಯಾ?"

"ಚಹಾ."

"ಜೂಜು?"

"ಇಲ್ಲ."

"ಕಳ್ಳತನ?"

"ಗಿರಾಕಿಗಳನ್ನ ಕೇಳ್ಬೇಕು."

ಹವಾಲ್ದಾರರಿಗೆ ನಿಜವಾಗಿಯೂ ಕನಿಕರ ಬಂತು. "ಪಾಪ, ನಿನ್ಹತ್ರ ಏನೂ ಇಲ್ವಲ್ಲೋ. ಒಂದು ಕೆಲಸ ಮಾಡು, ನನ್ನ ಸ್ಕೂಟರ್ ತಗೋ. ನನಗೀಗ ಹೇಗೂ ಲಾರಿ ಇದೆ."

ಶನಿವಾರ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ನಾಳೆ ಆ ಸ್ಟೂಲ್ ಮೇಲೆ ನೀನು ಕೂತ್ಕೋ. ನಿಮ್ಮ ಭಾವ ಏನಾದ್ರೂ ಎಡವಟ್ಟು ಮಾತಾಡಿದ್ರೆ ವಾಲ್ಯೂಮ್ ಇಳಿಸಿಬಿಡು."

"ಮೋಸ ಅಲ್ವೇನೇ ಅದು?"

"ಆದ್ರೆ ಆಗ್ಲಿ. ನಿನ್ನ ಸರದಿ ಬಂದಾಗ ಹೇಳ್ಕೊಳ್ಳೋಕೆ ಒಂದು ಪಾಪ ಆಯ್ತು" ಅಂದಳು. ಹೇಳಿದ್ದು ತಮಾಷೆಯಾಗಿಯೇ. ಆದರೆ ಕಣ್ಣಲ್ಲಿ ನೀರಿತ್ತು. ನನಗೆ ಭಾವನ ಮೇಲೆ ಸಿಟ್ಟು ಬಂತು. ಹೆಂಡತಿಯ ಸಮಾಧಾನಕ್ಕಾದರೂ ಒಂದು ಸುಳ್ಳು ಹೇಳಿದರೆ ಈ ಮನುಷ್ಯನ ಗಂಟೇನು ಹೋಗುತ್ತದೆ?

ಭಾನುವಾರ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ಹೋದರು. ಮೈಕು ಹಿಡಿದು ಅಭ್ಯಾಸಬಲದಿಂದ "ಹಲೋ, ಚೆಕ್, ಚೆಕ್" ಅಂದರು. ಎಲ್ಲರೂ ನಕ್ಕರು.

"ನನಗೆ ಮೊದಲು, ಆಮೇಲೆ ಅಂತ ಏನೂ ಇಲ್ಲ. ನಾನು ಬಂದಿದ್ದು ಮೈಕ್ ಸರಿ ಮಾಡೋಕೆ. ಅದು ಅವತ್ತೇ ಸರಿಯಾಯ್ತು. ಆದ್ರೂ ಬರ್ತಾನೇ ಇದ್ದೀನಿ. ದೇವರಿದ್ದಾರೋ ಇಲ್ವೋ, ನಿಜ ಹೇಳ್ಬೇಕಂದ್ರೆ ನನಗೆ ಗೊತ್ತಿಲ್ಲ."

ಪಾಸ್ಟರ ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿತು. ನನ್ನ ಕೈ ತಾನಾಗಿ ವಾಲ್ಯೂಮಿಗೆ ಹೋಯಿತು. ಅಕ್ಕನ ಕಡೆ ನೋಡಿದೆ. ಅವಳು ನನ್ನನ್ನು ದುರುಗುಟ್ಟಿ ನೋಡುತ್ತ ಬೇಡ, ಬೇಡ ಎಂದು ತಲೆಯಾಡಿಸಿದಳು. ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಕೈ ತೆಗೆದೆ.

"ಪ್ರಾರ್ಥನೆ ಮಾಡುವಾಗ ನೀವೆಲ್ಲ ಕಣ್ಣು ಮುಚ್ತೀರಿ" ಎಂದು ಭಾವ ಮುಂದುವರಿಸಿದರು. "ನನಗೆ ಹಾಗೆ ಆಗಲ್ಲ. ಆಂಪ್ಲಿಫಯರಿನ ಕೆಂಪು ದೀಪ ನೋಡ್ತಾ ಇರ್ಬೇಕು, ಇಲ್ಲಾಂದ್ರೆ ಕಿರುಚತ್ತೆ. ಅದಕ್ಕೇ ಇಷ್ಟು ವರ್ಷದಿಂದ ನಿಮ್ಮೆಲ್ಲರ ಮುಖ ನೋಡಿದ್ದೀನಿ."

ಸಭೆಯಲ್ಲಿ ಎಲ್ಲರೂ ಕೂತಲ್ಲೇ ಮಿಸುಕಾಡಿದರು. ಕೆಲವರು ಸುಮ್ಮನೆ ಕಾಲರು ಸರಿಮಾಡಿಕೊಂಡರು.

"ಯಾರ್ಯಾರು ನಿದ್ದೆ ಮಾಡ್ತಾರೆ ಅಂತ ಹೇಳಲ್ಲ, ಹೆದರ್ಬೇಡಿ. ಹವಾಲ್ದಾರ್ರು ಮೈಕಲ್ಲಿ ಲಾರಿ ಕಥೆ ಹೇಳ್ತಾರೆ. ಅದನ್ನ ನಾನು ನಂಬಲ್ಲ. ಆದ್ರೆ ಕಣ್ಣು ಮುಚ್ಚಿದಾಗ ಅವರು ಮಗು ಥರ ಅಳ್ತಾರೆ, ಸದ್ದೇ ಬರಲ್ಲ. ಅದನ್ನ ನಂಬ್ತೀನಿ. ಬೇಕರಿ ಅಮ್ಮ ಅವರ ನಾದಿನಿ ಹತ್ರ ಮಾತಾಡಲ್ಲ, ನಿಮಗೆಲ್ಲ ಗೊತ್ತು. ಪ್ರಾರ್ಥನೆಲಿ ಮಾತ್ರ ಆ ನಾದಿನಿ ಕೈ ಹುಡುಕಿ ಹಿಡ್ಕೋತಾರೆ. ಆಮೆನ್ ಅಂದ ತಕ್ಷಣ ಬಿಟ್ಬಿಡ್ತಾರೆ."

ಬೇಕರಿ ಅಮ್ಮ ಕೆಂಪಾದರು. ನಾದಿನಿ ಕಿಸಕ್ಕನೆ ನಕ್ಕಳು.

"ನಮ್ಮನೆಯವಳ ತುಟಿ ಪ್ರತಿ ವಾರ ಅಲ್ಲಾಡತ್ತೆ. ಸದ್ದು ಕೇಳಲ್ಲ. ನೋಡಿ ನೋಡಿ ನನಗೆ ಓದೋಕೆ ಬಂದುಬಿಟ್ಟಿದೆ. ಅವಳು ಕೇಳ್ಕೊಳ್ಳೋದು ನನ್ನ ವಿಷಯ. ನನ್ಜೊತೆ ಜಗಳ ಆಡ್ಕೊಂಡು ಬಂದ ದಿನಾನೂ ಅದನ್ನೇ ಕೇಳ್ಕೋತಾಳೆ." ಭಾವ ಮೈಕನ್ನು ಬಾಯಿಂದ ದೂರ ಹಿಡಿದು ಗಂಟಲು ಸರಿಮಾಡಿಕೊಂಡರು. "ಒಬ್ಳು ಇಷ್ಟು ವರ್ಷ ಒಂದೇ ಬಾಗಿಲು ತಟ್ಟುತ್ತಾ ಇದ್ದಾಳೆ ಅಂದ್ರೆ, ಒಳಗೆ ಯಾರೋ ಇರ್ಬೇಕು ಅಂತ ನನಗೂ ಅನ್ನಿಸೋಕೆ ಶುರುವಾಗಿದೆ. ನನ್ಹತ್ರ ಇರೋದು ಇಷ್ಟೇ. ಇವತ್ತು ದೀಪ ನಮ್ಮ ಭಾವಮೈದ ನೋಡ್ಕೋತಾನೆ. ನಾನೂ ಒಂದ್ಸಲ ಕಣ್ಣು ಮುಚ್ಚಿ ನೋಡ್ತೀನಿ."

ಭಾವನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಹವಾಲ್ದಾರರು ಕರವಸ್ತ್ರಕ್ಕಾಗಿ ಎಲ್ಲ ಜೇಬುಗಳನ್ನೂ ತಡಕುತ್ತಿದ್ದರು. ಪಾಸ್ಟರು ಏನೋ ಹೇಳಲು ಬಾಯಿ ತೆರೆದು, ಮನಸ್ಸು ಬದಲಿಸಿ, "ಪ್ರಾರ್ಥನೆ ಮಾಡೋಣ" ಎಂದಷ್ಟೇ ಅಂದರು. ಎಲ್ಲರೂ ತಲೆ ಬಗ್ಗಿಸಿದರು. ಭಾವ ನಿಂತಲ್ಲೇ ಬಿಗಿಯಾಗಿ ಕಣ್ಣು ಮುಚ್ಚಿದರು.

ನಾನು ದೀಪ ನೋಡುತ್ತಿರಬೇಕಿತ್ತು. ನೋಡಲಿಲ್ಲ. ಅಕ್ಕ ಒಬ್ಬಳೇ ತಲೆಯೆತ್ತಿ, ಕಣ್ಣು ಅಗಲಿಸಿ, ಗಂಡನ ತುಟಿಗಳನ್ನೇ ನೋಡುತ್ತಿದ್ದಳು. ಅವು ಮೆಲ್ಲಗೆ ಅಲ್ಲಾಡಿದವು. ಏನೆಂದು ನನಗೆ ತಿಳಿಯಲಿಲ್ಲ. ಅಕ್ಕ ಓದಿಕೊಂಡಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.