ಇಟಲಿ ಮೇಲಿಂದ ಭದ್ರಾವತಿಗೆ

ಕಾರಿಗೆಂದು ಕೂಡಿಟ್ಟ ದುಡ್ಡಲ್ಲಿ ನಾನು ದೂರದೂರದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊ ತಂದೆ. ಒಂದು ಭಾನುವಾರ ದುರ್ಗಿಗುಡಿಯ ಮನೆಯಲ್ಲಿ ಕೂತು ಇಟಲಿಯವನೊಬ್ಬನ ಜೊತೆ ಮಾತಾಡುತ್ತಿದ್ದೆ. ಹೆಂಡತಿ ಬಂದಳು.

"ಭದ್ರಾವತೀಲಿ ನನ್ನ ತಮ್ಮನೂ ಇದೇ ಹುಚ್ಚು ಹಚ್ಕೊಂಡು ರೇಡಿಯೊ ಮುಂದೆ ಕೂತಿರ್ತಾನೆ. ರಾತ್ರಿ ಊಟಕ್ಕೆ ಬರ್ತಾನಾ ಕೇಳಿ, ಕಡುಬು ಎಷ್ಟು ಮಾಡ್ಲಿ?"

ಕರೆದೆ. ಭಾವಮೈದ ರೇಡಿಯೊದಲ್ಲಿ ಸಿಗಲಿಲ್ಲ. ಈ ಅಲೆಗಳು ಆಕಾಶಕ್ಕೆ ಹೋಗಿ ದೂರದ ದೇಶದಲ್ಲಿ ಇಳಿಯುತ್ತವೆ, ಪಕ್ಕದ ಊರನ್ನು ಹಾರಿಬಿಡುತ್ತವೆ ಎಂದು ವಿವರಿಸಿದೆ.

"ಕಾರು ಬಿಟ್ಟು ಇದನ್ನ ತಂದ್ರಿ. ಸಿಟಿ ಬಸ್ಸು ಹೋಗೋ ಊರೂ ಸಿಗಲ್ವಾ?"

ಫೋನ್ ಮಾಡಬಹುದಿತ್ತು. ಮಾಡಿದ್ದರೆ ಕಾರಿನ ಮಾತು ಜನ್ಮವಿಡೀ ಮುಗಿಯುತ್ತಿರಲಿಲ್ಲ.

ಅಷ್ಟರಲ್ಲಿ ಇಟಲಿಯವನು, ತನಗೆ ನಾನೂ ಭಾವಮೈದನೂ ಚೆನ್ನಾಗಿ ಕೇಳಿಸುತ್ತಿದ್ದೇವೆ, ಸುದ್ದಿ ದಾಟಿಸುತ್ತೇನೆ ಎಂದ. ಹ್ಯಾಮ್ ರೇಡಿಯೊದವರಲ್ಲಿ ಅದು ರೂಢಿ. ಸ್ವಲ್ಪ ಹೊತ್ತಿಗೆ ಇಟಲಿಯಿಂದ ಉತ್ತರ ಬಂತು. ಭಾವಮೈದ ಬರುತ್ತಾನಂತೆ, ಕಾಯಿಚಟ್ನಿಗೆ ಖಾರ ಮುಂದಿರಲಂತೆ.

ಹೆಂಡತಿ ಮೆತ್ತಗಾದಳು. "ಪಾಪ, ಇಷ್ಟು ಮಾಡಿದಾರೆ. ಅವರನ್ನೂ ಊಟಕ್ಕೆ ಕರೀರಿ."

ಕರೆದೆ. ಅವನು ಖುಷಿಯಾಗಿ, ಅಂದಹಾಗೆ ಭದ್ರಾವತಿ ನಿಮ್ಮಿಂದ ಎಷ್ಟು ದೂರ ಎಂದು ಕೇಳಿದ.

ಆ ರೇಡಿಯೊ ತಂದಮೇಲೆ ಸಿಗ್ನಲ್ ಸರಿಯಿಲ್ಲ ಎಂದು ನಾನು ಹೇಳಿದ್ದು ಅದೊಂದೇ ಸಲ.