ಗಡ್ಡೆಯಲ್ಲ, ಹೆಪ್ಪು

ಆಗ ನಾನು ವಿಜಯವಾಡದ ಬ್ಯಾಂಕಿನಲ್ಲಿದ್ದೆ. ಅಲ್ಲಿಯ ಒನ್ ಟೌನ್ ಬಡಾವಣೆಯಲ್ಲಿ ಮಹಡಿ ಮನೆ. ನನ್ನನ್ನು ಸಾಕಿ, ಮಾತು ಕಲಿಸಿದ ದೊಡ್ಡಮ್ಮ ನಮ್ಮ ಜೊತೆಗಿದ್ದರು. ಗರ್ಭಕೋಶದ ಕ್ಯಾನ್ಸರು. ಇನ್ನು ವಾಸಿಯಾಗುವಂಥದ್ದಲ್ಲ, ನೋವಿಲ್ಲದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿಯಾಗಿತ್ತು.

ಒಂದು ಬೆಳಿಗ್ಗೆ ನೋಡಿದರೆ ಅವರ ಎಡಗಾಲು ಊದಿಕೊಂಡು ಮಿರಮಿರ ಮಿನುಗುತ್ತಿದೆ, ಮುಟ್ಟಿದರೆ ಬಿಸಿ. ಮನೆಗೆ ಬಂದ ಡಾಕ್ಟರು ಕಾಲು ನೋಡಿ, "ರಕ್ತಂ ಗಡ್ಡ ಕಟ್ಟಿಂದಂಡಿ" ಎಂದರು. ಆಮೇಲೆ ನನ್ನನ್ನು ಮೆಟ್ಟಿಲ ಬಳಿ ಕರೆದು, ಆ ಕಾಲನ್ನು ಯಾರೂ ಉಜ್ಜಕೂಡದು, ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಕಳಚಿ ಶ್ವಾಸಕೋಶಕ್ಕೆ ಹೋದರೆ ಉಸಿರೇ ನಿಲ್ಲಬಹುದು ಎಂದರು. ರಕ್ತ ತೆಳುವಾಗಲು ದಿನಕ್ಕೆರಡು ಇಂಜೆಕ್ಷನ್; ಅದರಿಂದ ಎಲ್ಲಾದರೂ ರಕ್ತ ಹೋಗಲು ಶುರುವಾದರೆ ತಕ್ಷಣ ತಿಳಿಸಬೇಕು. ಯಾವ ಕಡೆ ತಿರುಗಿದರೂ ಭಯ. ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡಿದೆ. ಹೆಂಡತಿಗೆ ಒಂದು ಮಾತು ಹೇಳಿಹೋಗಬೇಕೆಂದು ಹೊಳೆಯಲೇ ಇಲ್ಲ.

ವಾಪಸು ಬಂದರೆ ಮನೆಯೆಲ್ಲ ಹರಳೆಣ್ಣೆಯ ವಾಸನೆ. ದೊಡ್ಡಮ್ಮನ ಕಾಲು ನನ್ನ ಹೆಂಡತಿಯ ಮಡಿಲಲ್ಲಿ.

"ಬಿಡೇ, ಮುಟ್ಟಬೇಡ!" ಎಂದು ಕಿರುಚಿದೆ.

"ಅವಳ ಮೇಲೆ ಯಾಕೋ ಕೂಗ್ತೀಯ? ನಾನೇ ತಿಕ್ಕು ಅಂದೆ," ಎಂದರು ದೊಡ್ಡಮ್ಮ. "ಕಾಲಿಗೂ ಗಡ್ಡೆ ಬಂತಂತಲ್ಲ. ಹೊಟ್ಟೇದಂತೂ ಕರಗಲಿಲ್ಲ, ಇದಾದ್ರೂ ಕರಗ್ಲಿ."

ಡಾಕ್ಟರ ತೆಲುಗಿನ ಗಡ್ಡ ಅವರ ಕಿವಿಯಲ್ಲಿ ನಮ್ಮ ಗಡ್ಡೆಯಾಗಿತ್ತು.

"ಗಡ್ಡೆ ಅಲ್ಲ ದೊಡ್ಡಮ್ಮ, ರಕ್ತ ಹೆಪ್ಪುಗಟ್ಟಿದೆ."

"ಹೆಪ್ಪಾ? ಹಾಗಂತ ಆಗಲೇ ಬೊಗಳೋದಲ್ವೇನೋ! ಹೆಪ್ಪು ಹಾಕಿದ ಪಾತ್ರೇನ ಯಾರಾದ್ರೂ ಅಲ್ಲಾಡಿಸ್ತಾರಾ? ತೆಗಿಯೇ ಕೈನ."

ಶ್ವಾಸಕೋಶದ ಮಾತು ನಾನು ಎತ್ತಲಿಲ್ಲ. ಕಾಲನ್ನು ಮೆಲ್ಲಗೆ ದಿಂಬಿನ ಮೇಲಿಟ್ಟೆವು. ಡಾಕ್ಟರು ಕಳಿಸಿದ ನರ್ಸಮ್ಮ ಬಂದು ಹೊಟ್ಟೆಯ ಚರ್ಮಕ್ಕೆ ಸೂಜಿ ಚುಚ್ಚಿ ಹೋದರು. ಅಡುಗೆಮನೆಯಲ್ಲಿ ಹೆಂಡತಿಗೆ ಡಾಕ್ಟರು ಹೇಳಿದ್ದನ್ನು ತಿಳಿಸಿ, ಎಷ್ಟು ಹೊತ್ತು ಉಜ್ಜಿದೆ ಎಂದು ಕೇಳಿದೆ. ಐದು ನಿಮಿಷವಿರಬೇಕು ಎಂದು ಅತ್ತಳು. ಮಂಚದ ಪಕ್ಕ ಕೂತು ದೊಡ್ಡಮ್ಮನ ಎದೆಯ ಏರಿಳಿತವನ್ನೇ ನೋಡುತ್ತಿದ್ದೆ. ಅವರು ಸುಮ್ಮನೆ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದೆ.

"ಉಸಿರು ಸರಾಗವಾಗಿದೆಯಾ ದೊಡ್ಡಮ್ಮ?"

"ಇದೆ ಕಣೋ. ಇದು ನಾಲ್ಕನೇ ಸಲ ಕೇಳ್ತಿರೋದು. ಬ್ಯಾಂಕಿಗೆ ನಡಿ, ನಿನ್ನ ಮುಖ ನೋಡಿದ್ರೇ ಉಸಿರು ಕಟ್ಟುತ್ತೆ."

ಹೋದೆ. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಮನೆಗೆ ಬಂದೆ. ಬಾಗಿಲ ಮುಂದೆ ನಿಂತರೆ ಒಳಗೆ ಸದ್ದೇ ಇಲ್ಲ. ಬಾಗಿಲು ತಟ್ಟಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮನ ಗೊರಕೆಯೊಂದು ಕೇಳಿಸಿತು. ಚಪ್ಪಲಿ ಕೂಡ ಬಿಡದೆ ಅಲ್ಲೇ ನಿಂತು, ಇನ್ನೊಂದು ಬರಲಿ ಎಂದು ಕಾದೆ. ಬಂತು. ಅದರ ಹಿಂದೆ ಮತ್ತೊಂದು.